ಎಂ.ಬಿ.ಎ. ಸಂದರ್ಶನವೂ ನಮ್ಮ ಪ್ರಯೋಗ ದಾಖಲೆ ಪುಸ್ತಕವೂ

ಬೋಧನಾಭ್ಯಾಸದ ಪತ್ರಿಕೆಯಲ್ಲಿ ಎಂ.ಬಿ.ಎ. ಪ್ರವೇಶದ ಮಾತು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾನು ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಓದುತ್ತಿರುವವಳು. ಭೌತವಿಜ್ಞಾನ ಮತ್ತು ಗಣಿತ ನನ್ನ ಬೋಧನಾ ವಿಷಯಗಳು. ಮ್ಯಾನೇಜ್‌ಮೆಂಟ್ ಶಿಕ್ಷಣದ ಗಂಧವೂ ನನಗಿರಲಿಲ್ಲ. ಆದರೆ ಈ ವರ್ಷ ಇಂಟರ್ನ್‌ಶಿಪ್‌ನ ಕೊನೆಯ ವಾರಗಳಲ್ಲಿ ಚಿಕ್ಕಮ್ಮನ ಮಗನನ್ನು ಇಂಥದೊಂದು ಸಂದರ್ಶನಕ್ಕೆ ತಯಾರು ಮಾಡಲು ಕೂತೆ. ಅಲ್ಲಿ ಕಂಡ ಕೊರತೆಯ ಬೇರು ನಮ್ಮ ತರಗತಿಯಲ್ಲೇ ಇದೆ, ಅದರಲ್ಲಿ ನನ್ನ ಕೈಯೂ ಇದೆ ಎಂದು ಗೊತ್ತಾಯಿತು. ಅದನ್ನು ಸಹ ಪ್ರಶಿಕ್ಷಣಾರ್ಥಿಗಳ ಮತ್ತು ಉಪನ್ಯಾಸಕರ ಮುಂದೆ ಇಡುವುದಕ್ಕಾಗಿ ಈ ಬರಹ.

ಮೊದಲು ವಿಷಯ ಗೊತ್ತಿಲ್ಲದವರಿಗಾಗಿ ಎರಡು ಮಾತು. ನಮ್ಮ ಜಿಲ್ಲೆಯ ಪದವೀಧರರಲ್ಲಿ ಎಂ.ಬಿ.ಎ. ಎಂದರೆ ಹೆಚ್ಚಿನವರಿಗೆ ಗೊತ್ತಿರುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿ.ಜಿ.ಸಿ.ಇ.ಟಿ. ನೂರು ಬಹು ಆಯ್ಕೆ ಪ್ರಶ್ನೆ, ರ‍್ಯಾಂಕ್, ಆಮೇಲೆ ಸೀಟು ಹಂಚಿಕೆ. ಯಾರೂ ಎದುರು ಕೂರಿಸಿಕೊಂಡು ಏನನ್ನೂ ಕೇಳುವುದಿಲ್ಲ. ಐ.ಐ.ಎಂ.ಗಳ ದಾರಿ ಬೇರೆ. ಅಲ್ಲಿ ಕ್ಯಾಟ್ ಪರೀಕ್ಷೆ ಮೊದಲ ಬಾಗಿಲು ಮಾತ್ರ. ಅದನ್ನು ದಾಟಿದವರಿಗೆ ಸಂದರ್ಶನವಿರುತ್ತದೆ. ಹಲವು ಕಡೆ ಅದರ ಜೊತೆಗೆ, ಕೊಟ್ಟ ವಿಷಯದ ಮೇಲೆ ಸುಮಾರು ಅರ್ಧ ಗಂಟೆಯೊಳಗೆ ಒಂದು ಪುಟ ಬರೆಯುವ ಪರೀಕ್ಷೆಯೂ ಇರುತ್ತದೆ. ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನಂಥ ಕಡೆ ಅರ್ಜಿಯ ಜೊತೆಯಲ್ಲೇ ಪ್ರಬಂಧ ಬರೆದು ಕಳಿಸಬೇಕು. ಕೇಳುವ ಪ್ರಶ್ನೆಗಳು ನೋಡಲು ಬಹಳ ಸುಲಭ. ನೀನು ಯಾರು? ಇಲ್ಲಿಯವರೆಗೆ ಏನು ಮಾಡಿದ್ದೀಯ? ಯಾವುದರಲ್ಲಿ ಸೋತೆ? ಏಕೆ ಸೋತೆ? ಈ ಓದು ನಿನಗೇಕೆ ಬೇಕು? ಪಠ್ಯಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆಗಳು ಇವು.

ಬೆಂಗಳೂರಿನ ಐ.ಐ.ಎಂ. 1973ರಲ್ಲಿ ಶುರುವಾಯಿತು. ಅದರ ಬಾಗಿಲು ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟುವಷ್ಟು ದೂರದಲ್ಲಿದೆ. ಆದರೂ ನಮ್ಮ ಬಂಧುಬಳಗದಲ್ಲಿ ಅಂಥ ಸಂಸ್ಥೆಗಳಿಂದ ಸಂದರ್ಶನದ ಕರೆ ಪಡೆದ ಮೊದಲಿಗ ನನ್ನ ಈ ತಮ್ಮನೇ.

ಮಹಡಿಯ ಮೇಲಿನ ಸಂದರ್ಶನ

ಅವನು ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ. ಓದಿದವನು. ಎರಡು ವರ್ಷ ಬೆಂಗಳೂರಿನಲ್ಲಿ ಒಬ್ಬ ಲೆಕ್ಕಪರಿಶೋಧಕರ ಬಳಿ ಕೆಲಸ ಮಾಡಿದ. ಕ್ಯಾಟ್‌ನಲ್ಲಿ ಚೆನ್ನಾಗಿ ಮಾಡಿ ಒಂದು ಹೆಸರಾಂತ ಸಂಸ್ಥೆಯಿಂದ ಕರೆ ಪಡೆದ. ಒಂದು ಕೋಚಿಂಗ್ ಸೆಂಟರಿಗೆ ದುಡ್ಡು ಕಟ್ಟಿ, ತನ್ನ ಬಗ್ಗೆ ಒಂದು ಪುಟದ ಬರಹವನ್ನೂ ನಲವತ್ತು ಪ್ರಶ್ನೆಗಳಿಗೆ ಉತ್ತರಗಳನ್ನೂ ಸಿದ್ಧಪಡಿಸಿಕೊಂಡಿದ್ದ. "ಅಕ್ಕ, ನೀನು ಟೀಚರ್ ಆಗೋಳು ತಾನೇ, ನನಗೆ ಪ್ರಶ್ನೆ ಕೇಳು" ಎಂದ. ಭಾನುವಾರ ಸಂಜೆ ಶಿಡ್ಲಘಟ್ಟದ ಅವರ ಮನೆಯ ಮಹಡಿಯ ಮೇಲೆ ಕೂತೆವು. ಕೆಳಗೆ ಚಿಕ್ಕಪ್ಪನ ನೂಲು ಬಿಚ್ಚುವ ಘಟಕ. ಬೇಯಿಸಿದ ಗೂಡಿನ ವಾಸನೆ ಆ ಊರಿನವರಿಗೆ ಮೂಗಿಗೂ ಬರುವುದಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಬರುತ್ತದೆ.

"ನಿನ್ನ ಬಗ್ಗೆ ಹೇಳು" ಎಂದೆ. ಬೆನ್ನು ನೆಟ್ಟಗೆ ಮಾಡಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದ. ಬಾಲ್ಯದಿಂದಲೂ ತನಗೆ ನಾಯಕತ್ವದಲ್ಲಿ ಆಸಕ್ತಿ, ಸವಾಲುಗಳೆಂದರೆ ಪ್ರೀತಿ, ತಂಡದ ಜೊತೆ ಕೆಲಸ ಮಾಡುವುದು ತನ್ನ ಶಕ್ತಿ, ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಟವೇ ತನ್ನ ದೌರ್ಬಲ್ಯ. ಎರಡೂವರೆ ನಿಮಿಷ ಒಂದೂ ತಡವರಿಕೆಯಿಲ್ಲ. "ಯಾವ ತಂಡ?" ಎಂದು ಕೇಳಿದೆ. ಸುಮ್ಮನಾದ. "ಯಾವ ಸವಾಲು?" ಎಂದೆ. "ಅಕ್ಕ, ಈ ಪ್ರಶ್ನೆ ಅವರು ಕೊಟ್ಟ ಲಿಸ್ಟ್‌ನಲ್ಲಿ ಇಲ್ಲ" ಎಂದ.

ಬೈಯಲು ಬಾಯಿ ಬರಲಿಲ್ಲ. ಮಾತು ಬದಲಿಸಲೆಂದು, ಕೆಳಗೆ ಬರುವಾಗ ಕಂಡದ್ದನ್ನು ಕೇಳಿದೆ. "ಆರು ಬೇಸಿನ್ ಇತ್ತಲ್ಲ, ಮೂರೇ ಓಡ್ತಿದೆ. ಯಾಕೆ?" ಆಗ ಅವನ ಬೆನ್ನು ಸಡಿಲವಾಯಿತು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಅರ್ಧ ಗಂಟೆ ಮಾತಾಡಿದ. ಒಂದು ಕೆ.ಜಿ. ನೂಲು ತೆಗೆಯಲು ಎಷ್ಟು ಕೆ.ಜಿ. ಗೂಡು ಬೇಕು ಎಂಬುದಕ್ಕೆ ರೆಂಡಿಟ್ಟಾ ಎನ್ನುತ್ತಾರೆ. ಲೆಕ್ಕ ಸುಲಭವಾಗಲೆಂದು ಗೂಡು ಕೆ.ಜಿ.ಗೆ 500 ರೂಪಾಯಿ, ರೆಂಡಿಟ್ಟಾ 7 ಎಂದಿಟ್ಟುಕೋ ಎಂದ. ಒಂದು ಕೆ.ಜಿ. ನೂಲಿಗೆ ಗೂಡಿನ ಖರ್ಚೇ 3,500 ರೂಪಾಯಿ. ಅದೇ ಗೂಡು ಸ್ವಲ್ಪ ಕಳಪೆಯಾಗಿ ರೆಂಡಿಟ್ಟಾ ಏಳೂವರೆ ಆದರೆ 250 ರೂಪಾಯಿ ಅಲ್ಲೇ ಹೋಯಿತು. ಕೂಲಿ, ಸೌದೆ, ನೀರು, ಕರೆಂಟು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಮಾರುಕಟ್ಟೆಯಲ್ಲಿ ಲಾಟಿನ ಮುಂದೆ ನಿಂತಾಗ, ಹಿಡಿ ಗೂಡನ್ನು ಅಂಗೈಯಲ್ಲಿ ಹಿಡಿದು ಇದು ಏಳಕ್ಕೆ ನಿಲ್ಲುತ್ತದೋ ಎಂಟಕ್ಕೆ ಹೋಗುತ್ತದೋ ಎಂದು ಅಪ್ಪ ಅಂದಾಜು ಮಾಡಬೇಕು. ಗೂಡಿಗೆ ದುಡ್ಡು ಕೂಡಲೇ ಕೊಡಬೇಕು, ನೂಲಿನ ದುಡ್ಡು ಬರುವುದು ನಿಧಾನ, ನಡುವೆ ಬಡ್ಡಿ ಓಡುತ್ತದೆ. ಎಂಟನೇ ತರಗತಿಯಿಂದ ಆ ಲೆಕ್ಕದ ಪುಸ್ತಕ ಬರೆಯುತ್ತಿದ್ದವನು ಇವನೇ. ಆರೂ ಬೇಸಿನ್ ಓಡಿಸಿದಷ್ಟೂ ನಷ್ಟ ಹೆಚ್ಚುತ್ತಿದೆ ಎಂದು ತೋರಿಸಿ, ಮೂರನ್ನು ನಿಲ್ಲಿಸಲು ಅಪ್ಪನನ್ನು ಒಪ್ಪಿಸಿದವನೂ ಇವನೇ. ಅದಕ್ಕೆ ಮೊದಲು ಒಂದು ವರ್ಷ, ಬೆಲೆ ಏರುತ್ತದೆಂದು ನೂಲನ್ನು ಮಾರದೆ ಇಟ್ಟುಕೊಳ್ಳಲು ಹೇಳಿ ಕೈಸುಟ್ಟುಕೊಂಡಿದ್ದವನೂ ಇವನೇ.

"ಇದನ್ನೇ ಯಾಕೆ ಬರೆಯಬಾರದು?" ಎಂದೆ.

"ಇದನ್ನೆಲ್ಲ ಬರೀತಾರಾ ಅಕ್ಕ? ಅಪ್ಪ ಸಾಲ ಮಾಡಿದ್ದು, ನನ್ನ ಮಾತು ಕೇಳಿ ಲಾಸ್ ಆಗಿದ್ದು... ಇದು ಉತ್ತರ ಅಲ್ವಲ್ಲ!"

ಆ ಕೊನೆಯ ಮಾತು ನನ್ನನ್ನು ಕಾಡಿತು. ತನಗೆ ಚೆನ್ನಾಗಿ ಗೊತ್ತಿರುವುದು ಉತ್ತರವಲ್ಲ, ಬೇರೆ ಯಾರೋ ಬರೆದುಕೊಟ್ಟದ್ದು ಉತ್ತರ. ಇದನ್ನು ಅವನಿಗೆ ಕಲಿಸಿದ್ದು ಕೋಚಿಂಗ್ ಸೆಂಟರ್ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವನು ಅಲ್ಲಿ ಕೂತದ್ದು ಮೂರು ತಿಂಗಳು. ನಮ್ಮಂಥವರ ಮುಂದೆ ಕೂತದ್ದು ಹದಿನೈದು ವರ್ಷ.

ಬಗ್ಗಿದ ಗೆರೆ

ಅದೇ ವಾರ ಚಿಂತಾಮಣಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಗೆ ನಾನು ಓಮ್‌ನ ನಿಯಮದ ಪ್ರಯೋಗ ಮಾಡಿಸಿದ್ದೆ. ಪ್ರಯೋಗದ ಪೆಟ್ಟಿಗೆಯಲ್ಲಿ ನೈಕ್ರೋಮ್ ತಂತಿ ಸಾಕಷ್ಟಿರಲಿಲ್ಲ. ಒಂದು ಗುಂಪಿಗೆ ತಂತಿಯ ಬದಲು ಟಾರ್ಚ್ ಬಲ್ಬ್ ಕೊಟ್ಟೆ. ಒಂದು ಸೆಲ್, ಎರಡು, ಮೂರು, ನಾಲ್ಕು ಎಂದು ಸೇರಿಸುತ್ತಾ ವೋಲ್ಟ್‌ಮೀಟರ್, ಆಮೀಟರ್ ನೋಡಿ ಬರೆದುಕೊಂಡರು. ಉಳಿದ ಗುಂಪುಗಳ ನಕ್ಷೆ ಸರಳರೇಖೆ. ಬಲ್ಬಿನ ಗುಂಪಿನ ಗೆರೆ ಬಗ್ಗಿತು. ಆ ಗುಂಪಿನ ಹುಡುಗಿಯೊಬ್ಬಳು ದಾಖಲೆ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದಳು: ಸೆಲ್ ಜಾಸ್ತಿ ಮಾಡಿದಾಗ ಬಲ್ಬ್ ತುಂಬ ಬೆಳಗಿತು, ಆದರೆ ಕರೆಂಟ್ ಅಷ್ಟು ಜಾಸ್ತಿಯಾಗಲಿಲ್ಲ, ಬಲ್ಬ್ ಮುಟ್ಟಿದರೆ ಬಿಸಿ ಇತ್ತು.

ಮರುದಿನ ವೀಕ್ಷಣೆಗೆ ಉಪನ್ಯಾಸಕರು ಬರುವವರಿದ್ದರು. ನಾನು ಆ ಹುಡುಗಿಗೆ ಹೇಳಿದ್ದು ಇಷ್ಟೇ: "ಇದು ಬೇಡಮ್ಮ, ಅಳಿಸಿ ಪಕ್ಕದವಳ ರೀಡಿಂಗ್ ಬರ್ಕೋ. ಸ್ಕೇಲ್ ಇಟ್ಟು ಗೆರೆ ಎಳಿ." ಅವಳು ಅಳಿಸಿದಳು.

ಭೌತವಿಜ್ಞಾನ ಓದಿದವರಿಗೆ ನಾನು ಮಾಡಿದ್ದೇನೆಂದು ವಿವರಿಸಬೇಕಿಲ್ಲ. ತಾಪ ಸ್ಥಿರವಾಗಿದ್ದರೆ ಮಾತ್ರ ಓಮ್‌ನ ನಿಯಮ. ಬಲ್ಬಿನ ತಂತು ಕಾದಂತೆ ಅದರ ರೋಧ ಏರುತ್ತದೆ, ಗೆರೆ ಬಗ್ಗಲೇಬೇಕು. ಆ ಷರತ್ತನ್ನು ಕಪ್ಪುಹಲಗೆಯ ಮೇಲೆ ನಾನೇ ಬರೆದು ಕೆಳಗೆ ಗೆರೆ ಎಳೆದಿದ್ದೆ. ಇಡೀ ತರಗತಿಯಲ್ಲಿ ಆ ಷರತ್ತನ್ನು ಕಣ್ಣಾರೆ ಕಂಡವಳು, ಬೆರಳಿನಿಂದ ಮುಟ್ಟಿ ನೋಡಿದವಳು ಅವಳೊಬ್ಬಳೇ. ಅವಳದ್ದನ್ನೇ ಅಳಿಸಿದೆ.

ಆ ದಿನದ ನನ್ನ ಪ್ರತಿಫಲನ ದಿನಚರಿ ತೆಗೆದು ನೋಡಿದರೆ ಹೀಗಿದೆ: ವಿದ್ಯಾರ್ಥಿಗಳು ಉತ್ಸಾಹದಿಂದ ಪಾಲ್ಗೊಂಡರು, ಪಾಠದ ಎಲ್ಲ ಉದ್ದೇಶಗಳು ಈಡೇರಿದವು. ಈ ವಾಕ್ಯ ನನ್ನದಲ್ಲ. ಹಿಂದಿನ ವರ್ಷದ ಅಕ್ಕಂದಿರ ದಿನಚರಿಯಿಂದ ಬಂದದ್ದು. ಅವರಿಗೆ ಅವರ ಹಿಂದಿನವರಿಂದ ಬಂದಿರಬೇಕು. ನನ್ನ ತಮ್ಮನ 'ಬಾಲ್ಯದಿಂದಲೂ ನಾಯಕತ್ವದಲ್ಲಿ ಆಸಕ್ತಿ'ಗೂ ನನ್ನ 'ಎಲ್ಲ ಉದ್ದೇಶಗಳು ಈಡೇರಿದವು'ಗೂ ಏನು ವ್ಯತ್ಯಾಸ? ನನಗೆ ಕಾಣಲಿಲ್ಲ.

ಸಂದರ್ಶನದಲ್ಲಿ 'ನಿನ್ನ ಒಂದು ಸೋಲನ್ನು ಹೇಳು' ಎಂದಾಗ ನಮ್ಮ ಮಕ್ಕಳು ತಡವರಿಸುವುದು ಇಂಗ್ಲಿಷ್ ಬಾರದ್ದಕ್ಕೆ ಮಾತ್ರ ಎಂದು ನಾವು ಭಾವಿಸಿದ್ದೇವೆ. ಅವರ ಯಾವ ದಾಖಲೆ ಪುಸ್ತಕದಲ್ಲೂ ಸೋತ ಪ್ರಯೋಗವಿಲ್ಲ. ಯಾವ ಪ್ರಬಂಧದಲ್ಲೂ 'ನಾನು ಹೀಗೆ ಅಂದುಕೊಂಡಿದ್ದೆ, ಹಾಗಾಗಲಿಲ್ಲ' ಎಂಬ ಸಾಲಿಲ್ಲ. ಹತ್ತು ವರ್ಷ ಅಳಿಸುವುದನ್ನು ಕಲಿಸಿ, ಇಪ್ಪತ್ಮೂರನೇ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಹೇಳು ಎಂದರೆ ಎಲ್ಲಿಂದ ಹೇಳಬೇಕು?

ಕೆಲವು ಆಕ್ಷೇಪಗಳು

ಈ ಮಾತನ್ನು ನಮ್ಮ ಕಾಲೇಜಿನ ಗೆಳತಿಯರ ಜೊತೆ ಆಡಿದಾಗ ಮೂರು ಆಕ್ಷೇಪಗಳು ಬಂದವು. ಮೂರೂ ತಳ್ಳಿಹಾಕುವಂಥವಲ್ಲ.

ಮೊದಲನೆಯದು, ನಮ್ಮ ಶಾಲೆಗಳಿಂದ ಐ.ಐ.ಎಂ.ಗೆ ಹೋಗುವವರು ಎಷ್ಟು ಮಂದಿ? ಅವರಿಗಾಗಿ ಎಲ್ಲರ ಪಾಠ ಬದಲಿಸಬೇಕೇ? ಹೋಗುವವರು ಬೆರಳೆಣಿಕೆಯಷ್ಟೇ, ನಿಜ. ಆ ಓದಿನ ಶುಲ್ಕ ಇಪ್ಪತ್ತು ಲಕ್ಷ ದಾಟುತ್ತದೆ, ಸಾಲವಿಲ್ಲದೆ ನಮ್ಮಂಥವರ ಮನೆಯಿಂದ ಹೋಗುವುದೇ ಕಷ್ಟ. ಆದರೆ 'ಏನು ಮಾಡಿದೆ, ಏಕೆ ಮಾಡಿದೆ, ಏನು ತಪ್ಪಿತು' ಎಂಬ ಪ್ರಶ್ನೆ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಸ್ವತ್ತಲ್ಲ. ಸಾಲ ಕೇಳಲು ಹೋದರೆ ಬ್ಯಾಂಕಿನಲ್ಲಿ ಇದನ್ನೇ ಕೇಳುತ್ತಾರೆ. ಸ್ವಸಹಾಯ ಸಂಘದ ಸಭೆಯಲ್ಲಿ ಇದನ್ನೇ ಕೇಳುತ್ತಾರೆ. ನಾಳೆ ನಾವೇ ಖಾಸಗಿ ಶಾಲೆಯ ಕೆಲಸಕ್ಕೆ ಹೋದಾಗ, ಒಂದು ತರಗತಿಯನ್ನು ಹೇಗೆ ನಿಭಾಯಿಸಿದಿರಿ ಹೇಳಿ ಎಂದೂ ಕೇಳುತ್ತಾರೆ. ಎಂ.ಬಿ.ಎ. ಸಂದರ್ಶನ ಈ ಪ್ರಶ್ನೆಯನ್ನು ಹೆಚ್ಚು ಖಾರವಾಗಿ ಕೇಳುತ್ತದೆ ಅಷ್ಟೇ. ನಮ್ಮ ಕೊರತೆ ಅಲ್ಲಿ ಬೇಗ ಬಯಲಾಗುತ್ತದೆ.

ಎರಡನೆಯದು, ಪಠ್ಯ ಮುಗಿಸಲೇ ಸಮಯವಿಲ್ಲ, ಎಸ್.ಎಸ್.ಎಲ್.ಸಿ. ಫಲಿತಾಂಶದ ಒತ್ತಡವಿದೆ. ಒಪ್ಪುತ್ತೇನೆ. ಆದ್ದರಿಂದಲೇ ನಾನು ಹೊಸ ಅವಧಿಯನ್ನು ಕೇಳುತ್ತಿಲ್ಲ. ಇರುವ ಪ್ರಯೋಗ, ಇರುವ ಪ್ರಬಂಧ, ಇರುವ ದಿನಚರಿಯಲ್ಲೇ ಎರಡು ಸಾಲು ಹೆಚ್ಚಿಸಲು ಕೇಳುತ್ತಿದ್ದೇನೆ. ಬಗ್ಗಿದ ಗೆರೆಯನ್ನು ಅಳಿಸಲು ಹಿಡಿದಷ್ಟೇ ಸಮಯ ಅದು ಏಕೆ ಬಗ್ಗಿತು ಎಂದು ಕೇಳಲೂ ಸಾಕು.

ಮೂರನೆಯದು ಸ್ವಲ್ಪ ಸೂಕ್ಷ್ಮ. ಸ್ವಂತ ಅನುಭವ ಬರೆಯಿರಿ ಎಂದರೆ ಅದೂ ಒಂದು ಅಚ್ಚಾಗುತ್ತದೆ ಎಂದು ಒಬ್ಬ ಗೆಳತಿ ಹೇಳಿದಳು. ಅವಳು ಹೇಳಿದ್ದು ಸರಿ. ಕೋಚಿಂಗ್‌ನಲ್ಲಿ ನನ್ನ ತಮ್ಮನಿಗೆ ಯಾರೋ ಆಗಲೇ ಸಲಹೆ ಕೊಟ್ಟಿದ್ದರಂತೆ: ಬಡ ರೀಲರ್ ಮಗ ಅಂತ ಹೇಳು, ಮನಸ್ಸು ಕರಗುತ್ತೆ. ಕಷ್ಟದ ಕಥೆ ಹೇಳಿ ಅನುಕಂಪ ಗಿಟ್ಟಿಸುವುದು ನಾನು ಹೇಳುತ್ತಿರುವುದಲ್ಲ. ಮೂರು ಬೇಸಿನ್ ನಿಂತದ್ದರಲ್ಲಿ ಕಷ್ಟ ಇದೆ, ಆದರೆ ಹೇಳಬೇಕಾದ್ದು ಕಷ್ಟವನ್ನಲ್ಲ, ಲೆಕ್ಕವನ್ನು. ಏಳಕ್ಕೂ ಏಳೂವರೆಗೂ ಇರುವ ವ್ಯತ್ಯಾಸದ ಮೇಲೆ ಒಂದು ಮನೆ ಹೇಗೆ ನಿಂತಿದೆ ಎಂಬುದನ್ನು, ಅದನ್ನು ತಾನು ಹೇಗೆ ಕಂಡುಕೊಂಡೆ ಎಂಬುದನ್ನು, ಒಮ್ಮೆ ಎಲ್ಲಿ ಎಡವಿದೆ ಎಂಬುದನ್ನು. ಅಚ್ಚಿನ ಉತ್ತರವೂ ನಿಜವಾದ ಉತ್ತರವೂ ಬೇರೆಯಾಗುವುದು ಎರಡನೇ 'ಏಕೆ'ಯಲ್ಲಿ. ಅಚ್ಚಿನದು ಅಲ್ಲಿ ನಿಂತುಬಿಡುತ್ತದೆ.

ಏನು ಮಾಡಬಹುದು

ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದವರು. ಅವರ ಹೆಸರನ್ನು ನಮ್ಮ ಶಾಲೆಗಳ ವಿಜ್ಞಾನ ದಿನಾಚರಣೆಯಲ್ಲಿ ಹೇಳುತ್ತೇವೆ, ಪ್ರಶ್ನಿಸಿರಿ ಎಂದು ಭಾಷಣ ಮಾಡುತ್ತೇವೆ. ಮರುದಿನ ಮಗುವೊಂದು ತನ್ನ ಕಣ್ಣಿಗೆ ಕಂಡ ರೀಡಿಂಗನ್ನು ಬರೆದರೆ ರಬ್ಬರ್ ಕೊಡುತ್ತೇವೆ. ಭಾಷಣ ಬಿಟ್ಟು ಕೆಲವು ಸಣ್ಣ ಕೆಲಸಗಳಿಂದ ಶುರು ಮಾಡಬಹುದು ಎಂದು ನನ್ನ ಅನಿಸಿಕೆ.

ಪ್ರಯೋಗ ದಾಖಲೆಯಲ್ಲಿ 'ಫಲಿತಾಂಶ'ದ ಕೆಳಗೆ ಮೂರು ಸಾಲು ಸೇರಿಸೋಣ: ನಾವು ಏನಾಗುತ್ತದೆ ಅಂದುಕೊಂಡಿದ್ದೆವು, ಏನಾಯಿತು, ಏಕಿರಬಹುದು. ಇದಕ್ಕೆ ಉತ್ತರ ಗೈಡಿನಲ್ಲಿ ಸಿಗುವುದಿಲ್ಲ. ತಪ್ಪು ಬಂದ ಗುಂಪಿಗೂ ಈ ಮೂರು ಸಾಲಿಗೆ ಪೂರ್ತಿ ಅಂಕ ಸಿಗಬೇಕು.

ಪ್ರಬಂಧಕ್ಕೆ ಮನೆಯ ಕಸುಬನ್ನೇ ವಿಷಯವಾಗಿ ಕೊಡೋಣ, ಆದರೆ ವರ್ಣನೆ ಬೇಡ, ಲೆಕ್ಕ ಇರಲಿ. ಶಿಡ್ಲಘಟ್ಟದ ಮಗು ರೆಂಡಿಟ್ಟಾ ಬಗ್ಗೆ ಬರೆಯಲಿ. ಚಿಂತಾಮಣಿಯ ಮಗು, ಒಂದು ಬಾಕ್ಸ್ ಟೊಮೆಟೊಗೆ ಮಾರುಕಟ್ಟೆಯಲ್ಲಿ ಸಿಕ್ಕಿದ್ದರಲ್ಲಿ ಕಮಿಷನ್, ಬಾಡಿಗೆ, ಕೂಲಿ ಕಳೆದು ಮನೆಗೆ ಬಂದದ್ದೆಷ್ಟು ಎಂದು ಬರೆಯಲಿ. ಗೌರಿಬಿದನೂರಿನ ಮಗು, ತಮ್ಮ ಹೊಲದಲ್ಲಿ ಅಜ್ಜನ ಕಾಲದ ಬಾವಿ ಎಷ್ಟು ಆಳವಿತ್ತು, ಈಗಿನ ಕೊಳವೆಬಾವಿ ಎಷ್ಟು ಅಡಿ, ಒಂದು ವಿಫಲವಾದರೆ ಏನಾಗುತ್ತದೆ ಎಂದು ಬರೆಯಲಿ. ಚಿಕ್ಕಬಳ್ಳಾಪುರದ ಮಗು ಹೂವಿನ ಬೆಲೆ ಹಬ್ಬಕ್ಕೂ ಮರುದಿನಕ್ಕೂ ಏಕೆ ಅಷ್ಟು ಬೇರೆ ಎಂದು ಬರೆಯಲಿ. ಬೆಂಗಳೂರಿನ ಸಂಸ್ಕರಿಸಿದ ನೀರು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಅದರಿಂದ ಏನು ಲಾಭ, ಏನು ಭಯ ಎಂದು ಕೆರೆಯ ಪಕ್ಕದ ಮಗುವಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಸಂದರ್ಶನಗಳಲ್ಲಿ 'ನಿಮ್ಮ ಊರಿನ ಬಗ್ಗೆ ಹೇಳಿ' ಎಂಬ ಪ್ರಶ್ನೆ ತಪ್ಪದೆ ಎಂಬಂತೆ ಬರುತ್ತದೆ. ನಂದಿ ಬೆಟ್ಟದ ಎತ್ತರ ಹೇಳಿ ಸುಮ್ಮನಾಗುವವರಿಗೂ ಈ ಮಕ್ಕಳಿಗೂ ಆಗ ವ್ಯತ್ಯಾಸ ಕಾಣುತ್ತದೆ.

ಭಾಷೆಯ ವಿಷಯದಲ್ಲಿ ಒಂದು ಮಾತು. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು, ಕೆಲವರದು ಉರ್ದು. ಶಾಲೆಯದು ಕನ್ನಡ. ಸಂದರ್ಶನ ಇಂಗ್ಲಿಷಿನಲ್ಲಿ. ನನ್ನ ತಮ್ಮನ ಜೊತೆ ನಾನು ಕಂಡುಕೊಂಡ ಕ್ರಮವೆಂದರೆ, ಮೊದಲು ಯಾವ ಭಾಷೆಯಲ್ಲಿ ವಿಷಯ ನಡೆದಿದೆಯೋ ಆ ಭಾಷೆಯಲ್ಲೇ ಹೇಳಿಸುವುದು, ಆಮೇಲೆ ಕನ್ನಡದಲ್ಲಿ ಬರೆಸುವುದು, ಕೊನೆಗೆ ಇಂಗ್ಲಿಷಿಗೆ ತರುವುದು. ನೇರವಾಗಿ ಇಂಗ್ಲಿಷಿನಲ್ಲಿ ಶುರು ಮಾಡಿದರೆ ಅವನ ಬಾಯಿಗೆ ಬರುತ್ತಿದ್ದದ್ದು ಕೋಚಿಂಗ್‌ನ ವಾಕ್ಯಗಳೇ. ತೆಲುಗಿನಲ್ಲಿ ಶುರು ಮಾಡಿದಾಗ ಬಂದದ್ದು ಅವನ ವಾಕ್ಯಗಳು. ಅವನ ಇಂಗ್ಲಿಷ್ ಮೊದಲಿಗಿಂತ ಒರಟಾಯಿತು, ಆದರೆ ಯಾವ ಪ್ರಶ್ನೆಗೂ ನಿಲ್ಲಲಿಲ್ಲ.

ಕೊನೆಯದು ನಮ್ಮ ಉಪನ್ಯಾಸಕರಲ್ಲಿ ವಿನಂತಿ. ಎರಡು ವರ್ಷದ ಈ ಕೋರ್ಸಿನಲ್ಲಿ ವಾರಗಟ್ಟಲೆ ನಾವು ಶಾಲೆಗಳಲ್ಲಿ ಇರುತ್ತೇವೆ. ಪಾಠ ವೀಕ್ಷಣೆಯ ನಮೂನೆಯಲ್ಲಿ 'ಇಂದು ಏನು ಕೈಕೊಟ್ಟಿತು, ಅದಕ್ಕೆ ಪ್ರಶಿಕ್ಷಣಾರ್ಥಿ ಕೊಡುವ ಕಾರಣವೇನು' ಎಂದು ಒಂದು ಸಾಲು ಇರಲಿ, ಅದನ್ನು ಬರೆದದ್ದಕ್ಕೆ ಅಂಕ ಕಡಿತವಾಗದಿರಲಿ. ಅಂಕ ಹೋಗುತ್ತದೆಂಬ ಭಯ ಇರುವವರೆಗೆ ನಾವು 'ಎಲ್ಲ ಉದ್ದೇಶಗಳು ಈಡೇರಿದವು' ಎಂದೇ ಬರೆಯುತ್ತೇವೆ. ಹಾಗೆ ಬರೆಯುವವರು ಮಕ್ಕಳ ಕೈಗೆ ರಬ್ಬರ್ ಕೊಡುವುದನ್ನು ಬಿಡುವುದಿಲ್ಲ.

ಕೊನೆಗೆ

ನನ್ನ ತಮ್ಮನಿಗೆ ಆ ಸಂಸ್ಥೆಯಲ್ಲಿ ಸೀಟು ಸಿಗಲಿಲ್ಲ. ಸ್ವಂತ ಮಾತು ಹೇಳಿದರೆ ಗೆದ್ದೇ ಗೆಲ್ಲುತ್ತೇವೆ ಎಂದು ನಾನು ಹೇಳಲಾರೆ. ಆಯ್ಕೆಯಲ್ಲಿ ಹತ್ತನೇ ತರಗತಿಯಿಂದ ಹಿಡಿದು ಎಲ್ಲ ಅಂಕಗಳನ್ನೂ ನೋಡುತ್ತಾರೆ, ಪೈಪೋಟಿ ದೊಡ್ಡದು. ಈಗ ಅವನು ಪಿ.ಜಿ.ಸಿ.ಇ.ಟಿ.ಗೆ ಓದುತ್ತಿದ್ದಾನೆ. ಆದರೆ ಸಂದರ್ಶನ ಮುಗಿಸಿ ಬಂದ ಸಂಜೆ ಫೋನಿನಲ್ಲಿ ಅವನ ದನಿಯಲ್ಲಿ ಸೋತ ಛಾಯೆ ಇರಲಿಲ್ಲ. "ಅಕ್ಕ, ಹತ್ತು ನಿಮಿಷ ಬರೀ ರೇಷ್ಮೆ ಬಗ್ಗೆನೇ ಕೇಳಿದ್ರು. ನೂಲು ಇಟ್ಕೊಂಡು ಲಾಸ್ ಆಗಿದ್ದು ಹೇಳಿದೆ. ಯಾರೂ ನಗಲಿಲ್ಲ. ಒಬ್ಬರು ಪೇಪರ್ ತಗೊಂಡು ಲೆಕ್ಕ ಹಾಕೋಕೆ ಶುರು ಮಾಡಿದ್ರು" ಎಂದ.

ನಾನು ಇಂಟರ್ನ್‌ಶಿಪ್‌ನ ಕೊನೆಯ ದಿನ ಆ ಹುಡುಗಿಯ ದಾಖಲೆ ಪುಸ್ತಕ ಕೇಳಿ ತೆಗೆಸಿಕೊಂಡೆ. ಸ್ಕೇಲಿನಿಂದ ಎಳೆದ ನೇರ ಗೆರೆಯ ಕೆಳಗೆ, ರಬ್ಬರ್ ಉಜ್ಜಿದರೂ ಹೋಗದ ಬಾಗಿದ ಗೆರೆಯ ಗುರುತು ಇನ್ನೂ ಇತ್ತು. ತರಗತಿಯ ಮುಂದೆ ತಪ್ಪು ನನ್ನದು ಎಂದು ಹೇಳಿ, ಬಲ್ಬ್ ಮತ್ತು ಸೆಲ್‌ಗಳನ್ನು ಮೇಜಿನ ಮೇಲಿಟ್ಟು, ಅವಳನ್ನೇ ಕರೆದು ಇನ್ನೊಮ್ಮೆ ಮಾಡಿಸಿದೆ. ಗೆರೆ ಮತ್ತೆ ಬಗ್ಗಿತು. ಏಕೆ ಎಂದು ಅವಳೇ ಹೇಳಿದಳು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ಹಾಗಾದರೆ ಬಲ್ಬನ್ನು ನೀರಿನಲ್ಲಿ ಇಟ್ಟರೆ ಗೆರೆ ನೇರವಾಗುತ್ತದಾ ಮಿಸ್ ಎಂದು ಕೇಳಿದ. ಗಂಟೆ ಹೊಡೆಯಿತು. ನನಗೂ ಉತ್ತರ ಕೂಡಲೇ ಹೊಳೆಯಲಿಲ್ಲ. ಅಂದಿನ ದಿನಚರಿಯಲ್ಲಿ ಅದನ್ನು ಹಾಗೆಯೇ ಬರೆದಿದ್ದೇನೆ.